ಘಾಟಿಯಲ್ಲಿ ಬೈಕ್ ಕೈಕೊಟ್ಟರೆ: ಮೊದಲು ಜಾಗ ನೋಡಿ, ಆಮೇಲೆ ಗಾಡಿ ನೋಡಿ

ಚಿಕ್ಕಮಗಳೂರು ಪೇಟೆಯೊಳಗೆ ಬೈಕ್ ಆಫ್ ಆದರೆ ಅದೊಂದು ತಲೆಬಿಸಿಯೇ ಅಲ್ಲ. ಸ್ವಲ್ಪ ದೂರ ತಳ್ಳಿದರೆ ಗ್ಯಾರೇಜು ಸಿಗುತ್ತದೆ, ಇನ್ನೂ ಸ್ವಲ್ಪ ತಳ್ಳಿದರೆ ಪಂಚರ್ ಅಂಗಡಿ. ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆ ಹತ್ತಲು ಶುರು ಮಾಡಿದಿರೋ, ಲೆಕ್ಕವೇ ಬೇರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗಲೂ ಅಷ್ಟೇ, ಸಕಲೇಶಪುರ ದಾಟಿ ಶಿರಾಡಿಗೆ ಇಳಿದರೂ ಅಷ್ಟೇ. ಬಿಸಿಲೆ ಕಾಡಿನೊಳಗಿಂದ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಂತೂ ಕೇಳಲೇಬೇಡಿ. ರಸ್ತೆ ಕಿರಿದು, ಫೋನಿಗೆ ಸಿಗ್ನಲ್ ಇಲ್ಲ, ಮಳೆಗಾಲದ ಮಂಜಿನಲ್ಲಿ ಮುಂದಿನ ತಿರುವೇ ಕಾಣುವುದಿಲ್ಲ.

ಇಂಥಲ್ಲಿ ಗಾಡಿ ನಿಂತಾಗ ಹೆಚ್ಚಿನವರು ನಿಂತ ಜಾಗದಲ್ಲೇ ಬಗ್ಗಿ ಇಂಜಿನ್ ನೋಡಲು ಶುರು ಮಾಡುತ್ತಾರೆ. ಹಿಂದಿನಿಂದ ಟ್ಯಾಂಕರ್ ಬರುತ್ತಿರುತ್ತದೆ, ಇವರ ತಲೆ ಕಾರ್ಬೊರೇಟರ್ ಹತ್ತಿರ ಇರುತ್ತದೆ. ಕೆಟ್ಟಿದ್ದು ಏನು ಅಂತ ಆಮೇಲೆ ನೋಡಿದರಾಯಿತು. ಎಲ್ಲಿ ನಿಂತಿದ್ದೀರಿ, ಎಷ್ಟು ಹೊತ್ತಾಗಿದೆ ಅನ್ನುವುದನ್ನು ಮೊದಲು ನೋಡಿ.

ಓಡುತ್ತಿರುವಾಗಲೇ ಆಫ್ ಆದರೆ

ತಕ್ಷಣ ಕ್ಲಚ್ ಹಿಡಿಯಿರಿ. ಗಾಡಿಗೆ ಇನ್ನೂ ಓಟ ಇರುತ್ತದೆ, ಅದನ್ನು ಬ್ರೇಕ್ ಹೊಡೆದು ಹಾಳು ಮಾಡಬೇಡಿ. ಎಡ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಆ ಓಟದಲ್ಲೇ ತಿರುವು ದಾಟಿಸಿ. ತಿರುವಿನಲ್ಲಿ ನಿಂತ ಬೈಕ್ ಹಿಂದಿನಿಂದ ಬರುವವರಿಗೆ ಕಾಣುವುದೇ ಇಲ್ಲ. ಎರಡೂ ಕಡೆಯಿಂದ ಐವತ್ತು ಮೀಟರ್‌ನಿಂದಾದರೂ ಕಾಣುವ ನೇರ ಜಾಗ ಸಿಕ್ಕರೆ ಒಳ್ಳೆಯದು. ತೋಟದ ಗೇಟು, ಬಸ್ ಸ್ಟ್ಯಾಂಡಿನ ಶೆಡ್ಡು, ದೇವಸ್ಥಾನದ ಮುಂದಿನ ಜಾಗ, ವ್ಯೂ ಪಾಯಿಂಟ್ ಇದ್ದರೆ ಇನ್ನೂ ವಾಸಿ.

ಏರಿನಲ್ಲಿ ನಿಂತರೆ ಕಷ್ಟ ಬೇರೆ ಥರ. ಓಟ ತಕ್ಷಣ ಸಾಯುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ಮುಂದಿನ ಬ್ರೇಕ್ ಹಿಡಿದುಕೊಂಡೇ ಎಡಗಡೆಗೆ ಇಳಿಯಿರಿ. ಹಿಂದಕ್ಕೆ ಇಳಿಸಬೇಕಾದರೆ ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಒತ್ತಿದರೆ ಗಾಡಿ ಜಾರುತ್ತದೆ, ಬಿಟ್ಟರೆ ಹಿಡಿಯುತ್ತದೆ. ಮಳೆಯಲ್ಲಿ ಮುಂದಿನ ಬ್ರೇಕ್ ಒಂದನ್ನೇ ನಂಬಿ ಭಾರದ ಬೈಕ್ ಇಳಿಸುವುದಕ್ಕಿಂತ ಇದು ಎಷ್ಟೋ ಸಲೀಸು.

ಮಳೆಗಾಲದಲ್ಲಿ ಇನ್ನೊಂದು ವಿಷಯ ಇದೆ, ಹೊರಗಿನಿಂದ ಬಂದವರಿಗೆ ಹೊಳೆಯುವುದಿಲ್ಲ. ಧರೆಯ, ಅಂದರೆ ರಸ್ತೆಗೆ ಗುಡ್ಡ ಕಡಿದ ಮಣ್ಣಿನ ಗೋಡೆಯ, ಬುಡದಲ್ಲಿ ಗಾಡಿ ನಿಲ್ಲಿಸಬೇಡಿ. ಆರಿದ್ರಾ, ಪುನರ್ವಸು ಮಳೆ ಹಿಡಿದುಕೊಂಡು ವಾರ ಆಗಿದ್ದರೆ ಧರೆ ಯಾವಾಗ ಜರಿಯುತ್ತದೆ ಅಂತ ಹೇಳಲಿಕ್ಕಾಗದು. ಕೆಂಪು ನೀರು ಬಸಿಯುತ್ತಿದ್ದರೆ, ಸಣ್ಣ ಕಲ್ಲು ಉದುರುತ್ತಿದ್ದರೆ, ಮರ ರಸ್ತೆಯ ಕಡೆ ವಾಲಿದ್ದರೆ ಗಾಡಿಯನ್ನು ಇನ್ನಷ್ಟು ದೂರ ತಳ್ಳಿ. ಕಣಿವೆಯ ಕಡೆಯ ಅಂಚೂ ನಂಬಿಕೆಗೆ ಯೋಗ್ಯವಲ್ಲ, ಹುಲ್ಲಿನ ಕೆಳಗೆ ಮಣ್ಣು ಕೊಚ್ಚಿಹೋಗಿರಬಹುದು. ಡಾಂಬರಿನ ಅಂಚಿನಲ್ಲೇ, ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸಿ. ಸೈಡ್ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಇಡಿ, ಗೇರಿನಲ್ಲಿ ಬಿಡಿ.

ಹಿಂದಿನವರಿಗೆ ಸೂಚನೆ ಕೊಡಲು ನಮ್ಮ ಕಡೆ ಹಳೆಯ ಪದ್ಧತಿ ಇದೆ: ಸೊಪ್ಪಿನ ಕೊಂಬೆ ಮುರಿದು, ಗಾಡಿಯ ಹಿಂದೆ ನಲವತ್ತು ಐವತ್ತು ಹೆಜ್ಜೆ ದೂರದಲ್ಲಿ ರಸ್ತೆಯ ಅಂಚಿಗೆ ಇಡುವುದು. ಲಾರಿಯವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ಕಲ್ಲು ಮಾತ್ರ ಇಡಬೇಡಿ. ಹೋಗುವಾಗ ತೆಗೆಯಲು ಮರೆತರೆ ರಾತ್ರಿ ಇನ್ನೊಬ್ಬ ಬೈಕಿನವನು ಅದರ ಮೇಲೆ ಬೀಳುತ್ತಾನೆ. ಹೊರಡುವಾಗ ಸೊಪ್ಪನ್ನೂ ಬದಿಗೆ ಎಸೆಯಿರಿ. ಹಿಂದೆ ಕೂತವರು ಇದ್ದರೆ ಅವರು ತಿರುವಿನ ಹತ್ತಿರ, ರಸ್ತೆಯಿಂದ ಹೊರಗೆ ನಿಂತು ಕೈ ಬೀಸಲಿ. ಬೈಕಿನ ಮೇಲೆ ಕೂತು ಫೋನ್ ನೋಡುವುದು ಬೇಡ.

ಗಡಿಯಾರ ನೋಡಿ

ಬೆಳಿಗ್ಗೆ ಹತ್ತು ಗಂಟೆಗೆ ಕೆಟ್ಟರೆ ನಿಧಾನವಾಗಿ ಬಿಚ್ಚಿ ನೋಡಬಹುದು. ಸಂಜೆ ಐದೂವರೆಗೆ ಕೆಟ್ಟರೆ ರಿಪೇರಿ ಅನ್ನುವುದೇ ಎರಡನೇ ಮಾತು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಕಾಡಾನೆ ಓಡಾಟ ಹೊಸ ಸುದ್ದಿ ಅಲ್ಲ. ರಸ್ತೆ ಮೇಲೆ ಹಸಿ ಲದ್ದಿ ಇದ್ದರೆ, ಬದಿಯಲ್ಲಿ ಬೈನೆ ಮರ ಮುರಿದು ಬಿದ್ದಿದ್ದರೆ ಅಲ್ಲಿ ಸ್ಪಾನರ್ ಹಿಡಿದು ಕೂರಬೇಡಿ. ಸಿಕ್ಕಿದ ಗಾಡಿಗೆ ಕೈ ಅಡ್ಡ ಹಾಕಿ ಹತ್ತಿರದ ಊರಿಗೆ ಹೋಗಿ, ಬೈಕ್ ಬೆಳಿಗ್ಗೆ ತಂದರಾಯಿತು. ಆನೆ ಕಣ್ಣಿಗೇ ಬಿದ್ದರೆ ಹಾರ್ನ್ ಬೇಡ, ಲೈಟ್ ಹಾಯಿಸುವುದು ಬೇಡ, ಫೋಟೋ ಅಂತೂ ಬೇಡವೇ ಬೇಡ. ಗಾಡಿ ಬಿಟ್ಟು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಹತ್ತಿರದ ದಾರಿ ಅಂತ ತೋಟದೊಳಗೆ ನುಗ್ಗುವುದು ಇನ್ನೂ ಅಪಾಯ. ಕಾಫಿ ಗಿಡದ ಮಧ್ಯೆ ನಾಲ್ಕು ಮಾರು ಆಚೆ ಆನೆ ನಿಂತಿದ್ದರೂ ಕಾಣುವುದಿಲ್ಲ.

ಸಹಾಯಕ್ಕೆ ಯಾರಿಗೆ ಫೋನ್ ಮಾಡುವುದು? ಅಪಘಾತ, ಗಾಯ, ಭಯದ ಪರಿಸ್ಥಿತಿ ಇದ್ದರೆ 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಈ ಕರೆ ಹೋಗಬಹುದು, ಪ್ರಯತ್ನಿಸಿ. ಆಂಬುಲೆನ್ಸಿಗೆ 108. ಶಿರಾಡಿಯ ರಾಷ್ಟ್ರೀಯ ಹೆದ್ದಾರಿ 75 ಆಗಲಿ, ಚಾರ್ಮಾಡಿಯ 73 ಆಗಲಿ, ಹೆದ್ದಾರಿ ಸಹಾಯವಾಣಿ 1033. ಎಲ್ಲಿದ್ದೀರಿ ಅಂತ ಹೇಳಲು ಕಿಲೋಮೀಟರ್ ಕಲ್ಲಿನ ನಂಬರ್, ಇಲ್ಲವೇ ಹಿಂದೆ ದಾಟಿದ ತೋಟದ ಬೋರ್ಡಿನ ಹೆಸರು ಸಾಕು. ಕರೆ ಕಟ್ ಆಗುತ್ತಿದ್ದರೆ ಎಸ್ಸೆಮ್ಮೆಸ್ ಕಳಿಸಿ, ಒಂದು ಕಡ್ಡಿ ಸಿಗ್ನಲ್ ಬಂದಾಗ ಅದು ಹೋಗಿಬಿಡುತ್ತದೆ. ಏನೂ ಇಲ್ಲದಿದ್ದರೆ ಬಸ್ ನಿಲ್ಲಿಸಿ ಕಂಡಕ್ಟರ್ ಹತ್ತಿರ ಹೇಳಿ ಕಳಿಸಿ. ಮುಂದಿನ ಸ್ಟಾಪಿನ ಹೋಟೆಲಿಗೋ ಗ್ಯಾರೇಜಿಗೋ ಸುದ್ದಿ ಮುಟ್ಟುತ್ತದೆ. ಮಲೆನಾಡಿನಲ್ಲಿ ಇದು ಫೋನಿಗಿಂತ ಗಟ್ಟಿ ವ್ಯವಸ್ಥೆ.

ಏನನ್ನೂ ಬಿಚ್ಚುವ ಮೊದಲು

ರಸ್ತೆ ಬದಿಯಲ್ಲಿ ನಿಂತರೆ ಐದೇ ನಿಮಿಷಕ್ಕೆ ಯಾರಾದರೂ ಬಂದು ನಿಲ್ಲುತ್ತಾರೆ. ಮಾತು ಹೀಗೆಯೇ ಇರುತ್ತದೆ:

"ಎಂಥ ಆಯ್ತು ಮಾರಾಯ?"

"ಗೊತ್ತಿಲ್ಲ ಅಣ್ಣ, ಇದ್ದಕ್ಕಿದ್ದಂಗೆ ಆಫ್ ಆಯ್ತು. ಸೆಲ್ಫೇ ತಗೊಳ್ತಿಲ್ಲ."

"ಪೆಟ್ರೋಲ್ ಉಂಟಾ? ಆ ಕೆಂಪು ಸ್ವಿಚ್ ನೋಡು ಮೊದಲು."

ಅಣ್ಣ ಹೇಳಿದ್ದೇ ಸರಿಯಾದ ಕ್ರಮ. ಬಲಗೈ ಹತ್ತಿರದ ಕೆಂಪು ಕಿಲ್ ಸ್ವಿಚ್‌ಗೆ ರೈನ್‌ಕೋಟಿನ ತೋಳೋ ಗ್ಲೌಸೋ ತಾಗಿ ಆಫ್ ಆಗಿರುವುದು ಜಾಸ್ತಿ. ಆಮೇಲೆ ಸೈಡ್ ಸ್ಟ್ಯಾಂಡ್. ಈಗಿನ ಹಲವು ಬೈಕ್‌ಗಳಲ್ಲಿ ಸ್ಟ್ಯಾಂಡ್ ಇಳಿದಿದ್ದು ಗೇರಿನಲ್ಲಿದ್ದರೆ ಇಂಜಿನ್ ನಿಂತುಬಿಡುತ್ತದೆ. ಸ್ಟ್ಯಾಂಡಿನ ಬುಡದ ಸೆನ್ಸರಿಗೆ ಕೆಸರು ಮೆತ್ತಿದ್ದರೆ, ಸ್ಟ್ಯಾಂಡ್ ಮೇಲಿದ್ದರೂ ಗಾಡಿಗೆ ಅದು ಕೆಳಗಿದೆ ಅನ್ನಿಸುತ್ತದೆ. ನೀರು ಹಾಕಿ ತೊಳೆದು ಎರಡು ಸಲ ಮೇಲೆ ಕೆಳಗೆ ಆಡಿಸಿ. ನ್ಯೂಟ್ರಲ್ ಲೈಟ್ ಹೊತ್ತಿದೆಯಾ ನೋಡಿ, ಕ್ಲಚ್ ಪೂರ್ತಿ ಒತ್ತಿ ಸೆಲ್ಫ್ ಹಾಕಿ.

ಪೆಟ್ರೋಲಿಗೆ ಮೀಟರ್ ನಂಬಬೇಡಿ. ಏರಿನಲ್ಲಿ ಮುಳ್ಳು ಒಂದು ಹೇಳುತ್ತದೆ, ಇಳಿಜಾರಿನಲ್ಲಿ ಇನ್ನೊಂದು. ಮುಚ್ಚಳ ತೆಗೆದು ಗಾಡಿ ಅಲುಗಾಡಿಸಿ, ಶಬ್ದ ಕೇಳಿ. ಹಳೆಯ ಬೈಕ್ ಆದರೆ ನಲ್ಲಿ ರಿಸರ್ವ್‌ಗೆ ತಿರುಗಿಸಿ.

ಗಾಡಿ ಒಮ್ಮೆ ಬಿದ್ದು ಎದ್ದಿದ್ದರೆ, ಇಂಜೆಕ್ಷನ್ ಬೈಕ್‌ಗಳಲ್ಲಿ (ಕಾರ್ಬೊರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಬೈಕ್‌ಗಳು) ವಾಲಿದ್ದನ್ನು ಗುರುತಿಸುವ ಸೆನ್ಸರ್ ಇಂಜಿನ್ ನಿಲ್ಲಿಸಿರುತ್ತದೆ. ಬೈಕ್ ನೆಟ್ಟಗೆ ನಿಲ್ಲಿಸಿ, ಕೀ ಆಫ್ ಮಾಡಿ, ಸ್ವಲ್ಪ ತಡೆದು ಆನ್ ಮಾಡಿದರೆ ಹೆಚ್ಚಿನ ಸಲ ಸರಿಯಾಗುತ್ತದೆ.

ಸೆಲ್ಫ್ ತಿರುಗುತ್ತಿಲ್ಲವೋ, ತಿರುಗಿದರೂ ಹಿಡಿಯುತ್ತಿಲ್ಲವೋ

ಇವೆರಡೂ ಬೇರೆ ಬೇರೆ ಕಾಯಿಲೆ. ಸೆಲ್ಫ್ ಒತ್ತಿದಾಗ ಟಕ್ ಟಕ್ ಅಂದು ಮೀಟರ್ ಲೈಟ್ ಮಂಕಾದರೆ ಬ್ಯಾಟರಿ ಕೂತಿದೆ. ಲೈಟೇ ಬರದಿದ್ದರೆ ಫ್ಯೂಸ್ ಹೋಗಿರಬೇಕು, ಇಲ್ಲವೇ ಬ್ಯಾಟರಿ ಟರ್ಮಿನಲ್ ಸಡಿಲ ಆಗಿರಬೇಕು. ಗುಂಡಿ ರಸ್ತೆಯಲ್ಲಿ ಕುಲುಕಿ ಕುಲುಕಿ ಟರ್ಮಿನಲ್ ಬೋಲ್ಟ್ ಸಡಿಲ ಆಗುವುದು ಮಾಮೂಲು. ಬಿಗಿ ಮಾಡಿ ನೋಡಿ. ಫ್ಯೂಸ್ ಪೆಟ್ಟಿಗೆ ಸಾಮಾನ್ಯವಾಗಿ ಬ್ಯಾಟರಿ ಪಕ್ಕದಲ್ಲೇ ಇರುತ್ತದೆ, ಹೆಚ್ಚಿನ ಬೈಕ್‌ಗಳಲ್ಲಿ ಅದರೊಳಗೇ ಒಂದು ಸ್ಪೇರ್ ಫ್ಯೂಸ್ ಕೂಡ. ಅದೇ ಆಂಪಿಯರಿನದು ಹಾಕಬೇಕು. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ವೈರಿಂಗ್ ಸುಟ್ಟರೆ ಖರ್ಚು ನಿಮ್ಮದು. ಹೊಸ ಫ್ಯೂಸೂ ತಕ್ಷಣ ಹಾರಿದರೆ ಎಲ್ಲೋ ವೈರ್ ತಾಗುತ್ತಿದೆ. ಅದು ರಸ್ತೆ ಬದಿಯ ಕೆಲಸ ಅಲ್ಲ.

ಬ್ಯಾಟರಿ ಕೂತಿದ್ದರೆ ಕಿಕ್ಕರ್ ಇದ್ದವರು ಕಿಕ್ ಹೊಡೆಯಿರಿ. ಇಲ್ಲದವರಿಗೆ ಘಾಟಿಯ ಇಳಿಜಾರೇ ಗತಿ. ಕೀ ಆನ್, ಕಿಲ್ ಸ್ವಿಚ್ ಆನ್, ಸೆಕೆಂಡ್ ಗೇರ್, ಕ್ಲಚ್ ಒತ್ತಿ ಗಾಡಿ ಉರುಳಲು ಬಿಡಿ. ಓಡುವ ವೇಗ ಬಂದಾಗ ಕ್ಲಚ್ ಬಿಟ್ಟು, ಇಂಜಿನ್ ಹಿಡಿದ ಕೂಡಲೇ ಮತ್ತೆ ಒತ್ತಿ. ಫಸ್ಟ್ ಗೇರಿನಲ್ಲಿ ಮಾಡಿದರೆ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ. ಇದನ್ನು ತಿರುವಿನ ಹತ್ತಿರ, ಒದ್ದೆ ರಸ್ತೆಯಲ್ಲಿ, ಹಿಂದೆ ಗಾಡಿ ಬರುತ್ತಿರುವಾಗ ಮಾಡಬೇಡಿ. ಇಂಜೆಕ್ಷನ್ ಬೈಕಿಗೆ ಪಂಪ್ ಓಡಿಸುವಷ್ಟಾದರೂ ಬ್ಯಾಟರಿ ಬೇಕು, ಪೂರ್ತಿ ಸತ್ತಿದ್ದರೆ ತಳ್ಳಿ ಸುಮ್ನೆ ಬೆವರು ಸುರಿಸಬೇಡಿ. ಗೇರಿಲ್ಲದ ಸ್ಕೂಟರ್ ತಳ್ಳಿ ಸ್ಟಾರ್ಟ್ ಆಗುವುದೇ ಇಲ್ಲ.

ಸೆಲ್ಫ್ ಚೆನ್ನಾಗಿ ತಿರುಗಿ ಇಂಜಿನ್ ಹಿಡಿಯದಿದ್ದರೆ ಮೂರರಲ್ಲಿ ಒಂದು ಇಲ್ಲ: ಪೆಟ್ರೋಲ್, ಕಿಡಿ, ಗಾಳಿ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಬೈಕ್‌ಗಳಲ್ಲಿ ಹೆಚ್ಚಿನವು ಇಂಜೆಕ್ಷನ್. ಅವುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಟ್ಯಾಂಕಿನೊಳಗೆ ಪಂಪು ಎರಡು ಮೂರು ಸೆಕೆಂಡ್ ಝುಯ್ ಅನ್ನುತ್ತದೆ. ಕಿವಿಗೊಟ್ಟು ಕೇಳಿ. ಆ ಶಬ್ದ ಇಲ್ಲದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ಟರ್ಮಿನಲ್ ಇನ್ನೊಮ್ಮೆ ನೋಡಿ. ಅದೂ ಸರಿ ಇದ್ದರೆ ಪಂಪ್ ಹೋಗಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಪಿಕಪ್ ಹುಡುಕಿ.

ಕಾರ್ಬೊರೇಟರ್ ಬೈಕ್‌ಗಳಲ್ಲಿ ಒಂದು ವಿಚಿತ್ರ ತೊಂದರೆ ಇದೆ. ಗಾಡಿ ಹತ್ತು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಮಿಸ್ಸಿಂಗ್ ಹೊಡೆದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗುವ ಸಣ್ಣ ತೂತು ಕಟ್ಟಿದೆಯಾ ನೋಡಿ. ಮಳೆ ಅಂತ ಟ್ಯಾಂಕಿಗೆ ಪ್ಲಾಸ್ಟಿಕ್ ಬಿಗಿದು ಕಟ್ಟಿದರೂ ಹೀಗಾಗುತ್ತದೆ. ಪೆಟ್ರೋಲ್ ಇಳಿದ ಜಾಗಕ್ಕೆ ಗಾಳಿ ಬರದಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಮುಚ್ಚಳ ತೆಗೆದಾಗ ಉಸ್ ಅಂತ ಸದ್ದು ಬಂದರೆ ಕಳ್ಳ ಸಿಕ್ಕಿದ ಹಾಗೆ. ತೂತಿಗೆ ತೆಳ್ಳನೆಯ ತಂತಿ ಹಾಕಿ ಬಿಡಿಸಿ.

ಪ್ಲಗ್ ಬಿಚ್ಚಿ ನೋಡುವುದು

ಪ್ಲಗ್ ಅಂದರೆ ಇಂಜಿನ್ನಿಗೆ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್. ಬಿಡಿಸಿ ಹೇಳಬೇಕಾದ ಕೆಲಸ ಇದು, ಯಾಕೆಂದರೆ ಮಲೆನಾಡಿನ ಮಳೆಯಲ್ಲಿ ನಿಂತ ಹಳೆ ಬೈಕ್‌ಗಳ ಮುಖ್ಯ ರೋಗ ಇಲ್ಲೇ ಇರುತ್ತದೆ. ಇಂಜಿನ್ ಸ್ವಲ್ಪ ತಣಿಯಲಿ, ಕೈ ಸುಟ್ಟುಕೊಳ್ಳಬೇಡಿ. ಪ್ಲಗ್ ಕ್ಯಾಪನ್ನು ವೈರ್ ಹಿಡಿದು ಎಳೆಯದೆ, ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಗಿಸುತ್ತಾ ಎಳೆಯಿರಿ. ಒಳಗೆ ನೀರು ಇದ್ದರೆ ಇದೇ ಕಾರಣ ಇರಬಹುದು. ಒಣ ಬಟ್ಟೆಯಿಂದ ಒರೆಸಿ, ಬಾಯಿಂದ ಊದಿ, ವೈರನ್ನೂ ಉದ್ದಕ್ಕೆ ಒರೆಸಿ. ಎಷ್ಟೋ ಗಾಡಿ ಇಷ್ಟಕ್ಕೇ ಸ್ಟಾರ್ಟ್ ಆಗುತ್ತವೆ. ಕೆಲವು ಬೈಕ್‌ಗಳಲ್ಲಿ ಪ್ಲಗ್ ಕೂತಿರುವ ಗುಳಿಯಿಂದ ನೀರು ಹೊರಗೆ ಹೋಗಲು ಪಕ್ಕದಲ್ಲಿ ಒಂದು ತೂತು ಇರುತ್ತದೆ. ಅದರಲ್ಲಿ ಕೆಸರು ತುಂಬಿದ್ದರೆ ಗುಳಿ ಸಣ್ಣ ಬಾವಿಯಾಗುತ್ತದೆ. ಕಡ್ಡಿ ಹಾಕಿ ಬಿಡಿಸಿ.

ಬಿಚ್ಚುವ ಮೊದಲು ಗುಳಿಯೊಳಗಿನ ಮರಳು, ಮಣ್ಣು ಊದಿ ತೆಗೆಯಿರಿ, ಇಲ್ಲದಿದ್ದರೆ ಅದೆಲ್ಲ ಇಂಜಿನ್ ಒಳಗೆ ಬೀಳುತ್ತದೆ. ಪ್ಲಗ್ ಪಾನಾ ಹಾಕಿ ಎಡಕ್ಕೆ ತಿರುಗಿಸಿ ಬಿಚ್ಚಿ. ತುದಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಪೆಟ್ರೋಲಿನಿಂದ ಒದ್ದೆಯಾಗಿ ಹೊಳೆಯುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ ಅಥವಾ ನೀವು ಚೋಕ್ ಎಳೆದು ಕಿಕ್ ಹೊಡೆದೂ ಹೊಡೆದೂ ಓವರ್‌ಫ್ಲೋ ಮಾಡಿದ್ದೀರಿ. ಪೂರ್ತಿ ಒಣಗಿದ್ದರೆ ಪೆಟ್ರೋಲೇ ಬಂದಿಲ್ಲ. ಒಂದು ಪ್ಲಗ್ ಇಷ್ಟೆಲ್ಲ ಹೇಳುತ್ತದೆ. ಅದಕ್ಕೇ ಮೆಕ್ಯಾನಿಕ್‌ಗಳು ಮೊದಲು ಅದನ್ನೇ ಬಿಚ್ಚುವುದು.

ಸ್ಯಾಂಡ್‌ಪೇಪರ್ ಚೂರಿನಿಂದ ತುದಿ ಉಜ್ಜಿ, ಬಟ್ಟೆಯಿಂದ ಒರೆಸಿ. ತುದಿಯ ಎರಡು ಲೋಹದ ನಡುವಿನ ಸಂದು ಹೆಚ್ಚಿನ ಬೈಕ್‌ಗಳಲ್ಲಿ 0.7ರಿಂದ 0.8 ಮಿಲಿಮೀಟರ್. ಕಿಡಿ ನೋಡಬೇಕಾದರೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ತಾಗುವ ಹಾಗೆ, ಪ್ಲಗ್ ತೂತಿನಿಂದ ದೂರ ಇಟ್ಟು ಕಿಕ್ ಹೊಡೆಯಿರಿ. ರಬ್ಬರ್ ಕ್ಯಾಪ್ ಮಾತ್ರ ಮುಟ್ಟಿ, ಲೋಹ ಮುಟ್ಟಿದರೆ ಒದೆ ಗ್ಯಾರಂಟಿ. ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಟಪ್ ಅಂದರೆ ಒಳ್ಳೆಯದು. ಕಿಡಿ ಇಲ್ಲದಿದ್ದರೆ ಸ್ಪೇರ್ ಪ್ಲಗ್ ಹಾಕಿ ನೋಡಿ, ಅದಕ್ಕೂ ಬರದಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕಡೆಯ ತೊಂದರೆ, ಗ್ಯಾರೇಜೇ ಗತಿ. ವಾಪಸ್ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿ. ಅಡ್ಡ ಕೂತು ಮರೆ (ಥ್ರೆಡ್) ಹಾಳಾದರೆ ಇಂಜಿನ್ ಹೆಡ್ಡಿಗೇ ಕೆಲಸ.

ಹಳ್ಳ ದಾಟುವಾಗ ಏರ್ ಫಿಲ್ಟರ್ ಮುಳುಗುವಷ್ಟು ನೀರಿನಲ್ಲಿ ಇಂಜಿನ್ ನಿಂತಿದ್ದರೆ ಸೆಲ್ಫ್ ಮುಟ್ಟಬೇಡಿ. ಸಿಲಿಂಡರಿನೊಳಗೆ ನೀರು ಇದ್ದು ಪಿಸ್ಟನ್ ಅದನ್ನು ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ, ಮುಖ ದೂರ ಇಟ್ಟು, ಕೈಯಿಂದ ಮೆಲ್ಲಗೆ ಕಿಕ್ ಒತ್ತಿ ನೀರು ಹೊರಗೆ ಹಾಕಿ. ಆಮೇಲೆ ಇಂಜಿನ್ ಆಯಿಲ್ ನೋಡಿ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಆಯಿಲ್ಲಿಗೆ ನೀರು ಸೇರಿದೆ, ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಸಾಗಿಸಿ.

ಪಂಚರ್

ಟ್ಯೂಬ್‌ಲೆಸ್ ಟೈರ್ ಇದ್ದವರು ಪುಣ್ಯವಂತರು. ಕಿಟ್ ಇದ್ದರೆ ಹೀಗೆ ಮಾಡಿ:

1. ಡಬಲ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸುತ್ತಾ ಮೊಳೆ ಹುಡುಕಿ. ಕಾಣದಿದ್ದರೆ ನೀರು ಸುರಿಯಿರಿ, ಗುಳ್ಳೆ ಬರುವಲ್ಲಿ ತೂತು. ಸಿಕ್ಕ ಕೂಡಲೇ ಮೊಳೆ ಕೀಳಬೇಡಿ. ಯಾವ ಓರೆಯಲ್ಲಿ ಹೋಗಿದೆ ಅಂತ ನೋಡಿ, ಚಾಕ್‌ಪೀಸಿನಲ್ಲೋ ಮಣ್ಣಿನಲ್ಲೋ ಗುರುತು ಮಾಡಿ.

2. ಕಿಟ್‌ನಲ್ಲಿರುವ ರಬ್ಬರ್ ಬತ್ತಿಯನ್ನು ಮೊದಲೇ ಸೂಜಿಯ ಕಣ್ಣಿಗೆ ಸೇರಿಸಿ, ಎರಡೂ ಕಡೆ ಸಮ ಉದ್ದ ಬರುವ ಹಾಗೆ ಇಡಿ. ಮೊಳೆ ಕಿತ್ತ ಮೇಲೆ ಇದನ್ನು ಹುಡುಕುತ್ತಾ ಕೂತರೆ ಇದ್ದ ಗಾಳಿಯೂ ಹೋಗುತ್ತದೆ.

3. ಮೊಳೆ ಕಿತ್ತು, ಅದೇ ಓರೆಯಲ್ಲಿ ಅರದ ಕಡ್ಡಿ ಹಾಕಿ ಹತ್ತು ಹದಿನೈದು ಸಲ ಒಳಗೆ ಹೊರಗೆ ಆಡಿಸಿ. ಇದಕ್ಕೆ ಕಸುವು ಬೇಕು, ಮೊಣಕಾಲು ಊರಿ ಒತ್ತಿ.

4. ಸೂಜಿ ಸಮೇತ ಬತ್ತಿ ಒಳಗೆ ತಳ್ಳಿ, ಹೊರಗೆ ಅರ್ಧ ಇಂಚು ಉಳಿಯುವವರೆಗೆ. ಆಮೇಲೆ ಸೂಜಿಯನ್ನು ಒಂದೇ ಜಗ್ಗಿಗೆ ಎಳೆಯಿರಿ. ಬತ್ತಿ ಒಳಗೇ ಉಳಿಯಬೇಕು.

5. ಉಳಿದ ತುದಿಯನ್ನು ಟೈರಿಗೆ ಸ್ವಲ್ಪ ಮೇಲೆ ಕತ್ತರಿಸಿ. ಗಾಳಿ ತುಂಬಿ, ಉಗುಳು ಹಚ್ಚಿ ಗುಳ್ಳೆ ಬರುತ್ತದಾ ನೋಡಿ.

ಗಾಳಿ ಮುಂದೆ 25, ಹಿಂದೆ 28ರಿಂದ 32 ಪಿಎಸ್‌ಐ ಅನ್ನುವುದು ಸಾಮಾನ್ಯ ಲೆಕ್ಕ, ನಿಮ್ಮ ಗಾಡಿಯ ಸ್ಟಿಕ್ಕರ್ ನೋಡಿಕೊಳ್ಳಿ. ಟೈರಿನ ಪಕ್ಕದ ಗೋಡೆ ಹರಿದಿದ್ದರೆ ಈ ಬತ್ತಿ ನಿಲ್ಲುವುದಿಲ್ಲ.

ಕಡ್ಡಿ ಚಕ್ರದ, ಟ್ಯೂಬ್ ಇರುವ ಬೈಕಿನವರಿಗೆ ಇಷ್ಟು ಸುಲಭ ಇಲ್ಲ. ಚಕ್ರ ಬಿಚ್ಚಬೇಕು, ಟೈರ್ ಲಿವರ್ ಬೇಕು, ರೂಢಿಯೂ ಬೇಕು. ಗಾಳಿ ಇಲ್ಲದೆ ಹಾಗೇ ಓಡಿಸಿಕೊಂಡು ಹೋದರೆ ಟ್ಯೂಬ್ ಮುದ್ದೆಯಾಗಿ ವಾಲ್ವ್ ಕಿತ್ತು ಬರುತ್ತದೆ, ಟೈರೂ ಹೋಗುತ್ತದೆ. ಅದರ ಬದಲು ಚಕ್ರ ಮಾತ್ರ ಬಿಚ್ಚಿ ಬಸ್ಸಿನಲ್ಲೋ ಜೀಪಿನಲ್ಲೋ ಪಂಚರ್ ಅಂಗಡಿಗೆ ಒಯ್ಯಿರಿ. ಒಬ್ಬರು ಗಾಡಿ ಹತ್ತಿರ ಇರಲಿ. ಭಾನುವಾರವಾದರೆ ಅಂಗಡಿ ತೆರೆದಿದೆಯಾ ಅಂತ ಮೊದಲು ವಿಚಾರಿಸಿ.

ಕ್ಲಚ್ ವೈರ್, ಚೈನ್, ಬ್ರೇಕ್

ಕ್ಲಚ್ ವೈರ್ ತುಂಡಾದರೆ ಗಾಡಿ ನಿಲ್ಲಬೇಕಾಗಿಲ್ಲ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಲ್ಲಿ ತಳ್ಳುತ್ತಾ ಗಾಡಿ ಉರುಳುವಾಗ ಫಸ್ಟ್ ಗೇರ್ ಒತ್ತಿ. ಒಂದು ಎಗರು ಎಗರುತ್ತದೆ, ಹಿಡಿದುಕೊಳ್ಳಿ. ಮುಂದಿನ ಗೇರಿಗೆ ಆಕ್ಸಿಲರೇಟರ್ ಬಿಟ್ಟ ಕ್ಷಣವೇ ಗೇರ್ ಎತ್ತಿ. ನಿಲ್ಲಿಸುವ ಮೊದಲು ನ್ಯೂಟ್ರಲ್‌ಗೆ ತರಲೇಬೇಕು. ಬೇಲೂರು ಹಾಸನದ ಮಧ್ಯೆ, ಸಮತಟ್ಟು ರಸ್ತೆಯಲ್ಲಿ ಹೀಗೆ ಊರು ಸೇರಬಹುದು. ಚಾರ್ಮಾಡಿ ತಿರುವುಗಳಲ್ಲಿ, ಸಕಲೇಶಪುರ ಪೇಟೆಯ ಟ್ರಾಫಿಕ್‌ನಲ್ಲಿ ಈ ಸಾಹಸ ಬೇಡ. ಹೆಚ್ಚು ತಿರುಗುವವರು ಹೊಸ ವೈರನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟಿರುತ್ತಾರೆ. ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು.

ಚೈನ್ ಕಳಚಿದರೆ ಇಂಜಿನ್ ಆಫ್ ಇರಲಿ, ಕೀ ಜೇಬಿನಲ್ಲಿರಲಿ. ಇಂಜಿನ್ ಓಡುತ್ತಿರುವಾಗ ಚೈನಿಗೆ ಬೆರಳು ಕೊಟ್ಟು ಕಳೆದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ನ್ಯೂಟ್ರಲ್ ಮಾಡಿ, ಹಿಂದಿನ ಸ್ಪ್ರಾಕೆಟ್‌ನ ಕೆಳಭಾಗದ ಹಲ್ಲಿಗೆ ಚೈನ್ ಕೂರಿಸಿ, ಸ್ಕ್ರೂಡ್ರೈವರಿನಲ್ಲಿ ಹಿಡಿದು ಚಕ್ರವನ್ನು ಮೆಲ್ಲಗೆ ಮುಂದಕ್ಕೆ ತಿರುಗಿಸಿ. ಚೈನಿನ ಎರಡು ತುದಿ ಜೋಡಿಸುವ ಚೈನ್ ಲಾಕ್ ಬಿದ್ದುಹೋಗಿದ್ದು ಸ್ಪೇರ್ ಇದ್ದರೆ, ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತಿರುಗಾಮುರುಗಾ ಹಾಕಿದರೆ ಮತ್ತೆ ಹಾರುತ್ತದೆ.

ಬ್ರೇಕಿನ ತೊಂದರೆ ಹೆಚ್ಚಾಗಿ ಬರುವುದು ಇಳಿಯುವಾಗ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವವರಿದ್ದಾರೆ. ಬರೀ ಬ್ರೇಕಿನ ಮೇಲೆ ಘಾಟಿ ಇಳಿದರೆ ಡಿಸ್ಕ್ ಕಾದು, ಆಯಿಲ್ ಕುದಿದು, ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತದೆ. ಸುಟ್ಟ ವಾಸನೆ ಬಂದರೆ, ಲಿವರ್ ಮೆತ್ತಗೆ ಅನ್ನಿಸಿದರೆ ಗೇರ್ ಇಳಿಸುತ್ತಾ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಾಗುತ್ತದೆ. ಆಮೇಲೆ ಫಸ್ಟ್ ಅಥವಾ ಸೆಕೆಂಡ್ ಗೇರಿನಲ್ಲೇ ಇಳಿಯಿರಿ. ತಣಿದ ಮೇಲೂ ಲಿವರ್ ಗಟ್ಟಿಯಾಗದಿದ್ದರೆ ಆ ಗಾಡಿ ಓಡಿಸುವ ಹಾಗಿಲ್ಲ.

ಪಿಕಪ್‌ಗೆ ಹಾಕುವುದು

ಮುಕ್ಕಾಲು ಗಂಟೆ ನೋಡಿದರೂ ಆಗಲಿಲ್ಲ ಅಂದರೆ ಬಿಟ್ಟುಬಿಡಿ. ಮೊದಲು ಇನ್ಶೂರೆನ್ಸ್ ಪಾಲಿಸಿ ತೆಗೆದು ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ನೋಡಿ. ಎಷ್ಟೋ ಜನ ಅದಕ್ಕೆ ದುಡ್ಡು ಕಟ್ಟಿರುತ್ತಾರೆ, ಗೊತ್ತೇ ಇರುವುದಿಲ್ಲ. ಆದರೆ ಘಾಟಿಗೆ ಅವರು ಬರಲು ಹೊತ್ತು ಹಿಡಿಯುತ್ತದೆ. ಇಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ತೋಟದ ಪಿಕಪ್ಪು, ಜೀಪು. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಆಳುಗಳನ್ನು ಬಿಟ್ಟು ಖಾಲಿ ಬರುವ ಪಿಕಪ್ ಬೇಕಾದಷ್ಟು ಸಿಗುತ್ತವೆ. ಬಾಡಿಗೆ ಹತ್ತಿಸುವ ಮೊದಲೇ ಮಾತಾಡಿಕೊಳ್ಳಿ, ಎಲ್ಲಿಯವರೆಗೆ ಅನ್ನುವುದನ್ನೂ.

ಹತ್ತಿಸಲು ಹಲಗೆ ಇಲ್ಲದಿದ್ದರೆ ಪಿಕಪ್ಪಿನ ಹಿಂಭಾಗವನ್ನು ದಿಬ್ಬಕ್ಕೆ ಕೊಟ್ಟು ನಿಲ್ಲಿಸಲು ಹೇಳಿ, ಅರ್ಧ ಕೆಲಸ ಹಗುರ. ಮುಂದಿನ ಚಕ್ರ ಕ್ಯಾಬಿನ್ ಗೋಡೆಗೆ ತಾಗಲಿ, ಫಸ್ಟ್ ಗೇರಿನಲ್ಲಿರಲಿ, ಪೆಟ್ರೋಲ್ ನಲ್ಲಿ ಇದ್ದರೆ ಮುಚ್ಚಿ. ಹಗ್ಗವನ್ನು ಹ್ಯಾಂಡಲ್ ತುದಿಗೆ ಕಟ್ಟಬೇಡಿ, ಫೋರ್ಕಿನ ಮೇಲ್ಭಾಗದಿಂದ ಎರಡೂ ಕಡೆಗೆ ಎಳೆದು ಶಾಕ್ ಸ್ವಲ್ಪ ಕುಗ್ಗುವಷ್ಟು ಬಿಗಿಯಿರಿ. ಹಿಂದೆಯೂ ಎರಡು ಕಡೆ. ಹಗ್ಗ ತಾಗುವಲ್ಲಿ ಗೋಣಿಚೀಲದ ಚೂರು ಇಟ್ಟರೆ ಪೇಂಟ್ ಉಳಿಯುತ್ತದೆ. ಸೈಡ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಕಟ್ಟಿದರೆ ತಿರುವಿನಲ್ಲಿ ಸ್ಟ್ಯಾಂಡ್ ಬಾಗುತ್ತದೆ.

ಇನ್ನೊಂದು ಬೈಕಿನವನು ಹಿಂದಿನಿಂದ ಕಾಲು ಕೊಟ್ಟು ತಳ್ಳಿಕೊಂಡು ಬರುವುದು ಪೇಟೆಯಲ್ಲಿ ಮಾಮೂಲು, ಘಾಟಿಯಲ್ಲಿ ಖಂಡಿತ ಬೇಡ.

ಗಾಡಿ ಅಲ್ಲೇ ಬಿಟ್ಟು ಹೋಗಬೇಕಾದರೆ ತೋಟದ ಗೇಟಿನ ಒಳಗೋ ಅಂಗಡಿ ಪಕ್ಕದಲ್ಲೋ ಕೇಳಿ ನಿಲ್ಲಿಸಿ. ತೋಟದ ರೈಟರ್ (ಲೆಕ್ಕ, ಆಳು ನೋಡಿಕೊಳ್ಳುವವರು) ಸಿಕ್ಕರೆ ಅವರ ಫೋನ್ ನಂಬರ್ ತೆಗೆದುಕೊಳ್ಳಿ, ನಿಮ್ಮದೂ ಕೊಡಿ. ಹ್ಯಾಂಡಲ್ ಲಾಕ್ ಮಾಡಿ, ಮೀಟರ್ ಕಾಣುವ ಹಾಗೆ ಒಂದು ಫೋಟೋ ತೆಗೆದಿಡಿ. ಆರ್‌ಸಿ ಪೇಪರ್ ಬಾಕ್ಸಿನಲ್ಲಿ ಬಿಡಬೇಡಿ.

ಏನು ಇಟ್ಟುಕೊಂಡಿರಬೇಕು

ಸೀಟಿನ ಕೆಳಗೆ ಹಿಡಿಯುವಷ್ಟೇ ಸಾಕು. ಕಂಪನಿ ಕೊಟ್ಟ ಟೂಲ್ ಕಿಟ್ ಇನ್ನೂ ಇದೆಯಾ ಮೊದಲು ನೋಡಿ, ಹೆಚ್ಚಿನವರ ಗಾಡಿಯಲ್ಲಿ ಇರುವುದಿಲ್ಲ. ಅದರ ಜೊತೆಗೆ ಪ್ಲಗ್ ಪಾನಾ, ಒಂದು ಸ್ಪೇರ್ ಪ್ಲಗ್, ಎರಡು ಫ್ಯೂಸ್, ಕ್ಲಚ್ ವೈರ್, ಚೈನ್ ಲಾಕ್, ಪಂಚರ್ ಕಿಟ್, ಸಣ್ಣ ಪಂಪ್, ಇನ್ಸುಲೇಶನ್ ಟೇಪ್, ಒಂದು ಮಾರು ತಂತಿ, ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ, ತಲೆಗೆ ಕಟ್ಟುವ ಟಾರ್ಚು. ಫೋನ್ ಟಾರ್ಚ್ ಹಿಡಿದರೆ ಒಂದು ಕೈಯೂ ಹೋಯಿತು, ಚಾರ್ಜೂ ಹೋಯಿತು. ಮಳೆಗಾಲವಾದರೆ ಜಿಗಣೆಗೆ ಸ್ವಲ್ಪ ಉಪ್ಪು ಅಥವಾ ನಶ್ಯ. ಬಗ್ಗಿ ಪ್ಲಗ್ ಬಿಚ್ಚುವಾಗ ಕಾಲಿಗೆ ಹತ್ತಿದ್ದು ಗೊತ್ತೇ ಆಗುವುದಿಲ್ಲ.

ಗ್ಯಾರೇಜಿಗೆ ಹೋದಾಗ "ಆಫ್ ಆಯ್ತು" ಅಂತಷ್ಟೇ ಹೇಳಬೇಡಿ. ಏರಿನಲ್ಲೋ ಇಳಿಜಾರಿನಲ್ಲೋ, ಮಳೆ ಇತ್ತೋ, ಮಿಸ್ಸಿಂಗ್ ಹೊಡೆದು ನಿಂತಿತೋ ಒಮ್ಮೆಲೇ ನಿಂತಿತೋ, ಲೈಟ್ ಇತ್ತೋ, ಮೀಟರ್‌ನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿತ್ತೋ ಹೇಳಿ. ನೀವು ಏನು ಬಿಚ್ಚಿದಿರಿ, ಯಾವುದನ್ನು ಬದಲಾಯಿಸಿದಿರಿ ಅದನ್ನೂ ಮುಚ್ಚಿಡಬೇಡಿ. ಬಿಚ್ಚಿದ ಹಳೆ ಪ್ಲಗ್ ಎಸೆಯದೆ ತಂದಿದ್ದರೆ ಅದನ್ನೂ ಮೆಕ್ಯಾನಿಕ್ ಕೈಗೆ ಕೊಡಿ.